ಹಳೆಯ ಕಲಿಕೆಯ ಹಿಡಿತ ಸಡಿಲಿಸುವ ಡೋಪಮೈನ್

ಡೋಪಮೈನ್ ಎಂದರೆ ಸುಖ ಕೊಡುವ ರಾಸಾಯನಿಕ ಎಂಬ ಮಾತು ಎಷ್ಟು ಬೇರೂರಿದೆಯೆಂದರೆ, ಪ್ರಾಣಿಗಳ ಕಲಿಕೆಯನ್ನು ಅಭ್ಯಾಸ ಮಾಡುವ ನಮ್ಮಂಥವರು ಅದನ್ನು ಮೊದಲು ತಿದ್ದದೆ ಮುಂದೆ ಹೋಗುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳ ನಡುಮಿದುಳಿನ ಡೋಪಮೈನ್ ನರಕೋಶಗಳ ಮಿಡಿತವನ್ನು ದಾಖಲಿಸಿದಾಗ ಕಂಡದ್ದು ಬೇರೆಯೇ. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ಮುನ್ಸೂಚನೆಯೊಂದರ ಬೆನ್ನಿಗೆ ರಸ ಬರುತ್ತದೆಂದು ಕೋತಿ ಕಲಿತ ಮೇಲೆ ರಸಕ್ಕಲ್ಲ, ಆ ಸೂಚನೆಗೇ ಸ್ಪಂದಿಸುತ್ತಿದ್ದವು. ಬರಬೇಕಾದ ಹೊತ್ತಿಗೆ ರಸ ಬಾರದಿದ್ದರೆ ಮಿಡಿತ ಕ್ಷಣಕಾಲ ಕುಸಿಯುತ್ತಿತ್ತು. ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನೇ ಈ ಕೋಶಗಳು ತಿಳಿಸುತ್ತವೆ ಎಂದು ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯು 1997ರಲ್ಲಿ ವಿವರಿಸಿದರು.

ಏರಿಕೆಯ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಆದರೆ ಪರಿಸ್ಥಿತಿ ಬದಲಾದಾಗ ಪ್ರಾಣಿಯನ್ನು ಕಾಪಾಡುವುದರಲ್ಲಿ ಆ ಕುಸಿತದ ಪಾತ್ರವೂ ಅಷ್ಟೇ ದೊಡ್ಡದೆಂದು ನಾನು ತಿಳಿದಿದ್ದೇನೆ.

ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವ ಬಗೆ ಸರಳ. ಪೆಟ್ಟಿಗೆಯೊಳಗೆ ಎರಡು ಲಿವರ್‌ಗಳಿದ್ದು, ಎಡಗಡೆಯದನ್ನು ಒತ್ತಿದರೆ ಸಕ್ಕರೆಯ ಗುಳಿಗೆ ಬೀಳುತ್ತದೆ ಎಂಬುದನ್ನು ಇಲಿ ಚೆನ್ನಾಗಿ ಕಲಿತ ಮೇಲೆ, ಯಾವ ಸೂಚನೆಯನ್ನೂ ಕೊಡದೆ ನಿಯಮವನ್ನು ತಿರುಗಿಸುತ್ತೇವೆ: ಈಗ ಗುಳಿಗೆ ಬೀಳುವುದು ಬಲ ಲಿವರ್ ಒತ್ತಿದಾಗ ಮಾತ್ರ. ಇಲಿ ಎಂದಿನಂತೆ ಎಡ ಲಿವರ್ ಒತ್ತಿ, ಬಟ್ಟಲಿಗೆ ಮೂತಿ ಹಾಕಿ, ಖಾಲಿ ಬಟ್ಟಲನ್ನು ಮೂಸಿ ಮತ್ತೆ ಎಡಕ್ಕೇ ಬರುತ್ತದೆ. ಇದು ಹಲವು ಸಲ ನಡೆದ ಬಳಿಕವೇ ಅದು ಬಲಕ್ಕೆ ತಿರುಗುತ್ತದೆ. ಇಲ್ಲಿ ತಪ್ಪುಗಳ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಹಳೆಯ ಆಯ್ಕೆಯನ್ನು ಬಿಡಲಾಗದೆ ಮಾಡುವ ತಪ್ಪು ಒಂದು ಬಗೆಯದು. ಬಲಕ್ಕೆ ಹೋಗಿ ಗುಳಿಗೆ ಪಡೆದ ನಂತರವೂ ಹೊಸದರಲ್ಲಿ ನಿಲ್ಲಲಾಗದೆ ಎಡಕ್ಕೆ ಮರಳುವುದು ಇನ್ನೊಂದು ಬಗೆಯದು. ಎರಡು ಇಲಿಗಳ ತಪ್ಪುಗಳ ಮೊತ್ತ ಒಂದೇ ಆಗಿದ್ದರೂ ಅವುಗಳ ಮಿದುಳಿನ ತೊಂದರೆ ಒಂದೇ ಆಗಿರಬೇಕಿಲ್ಲ.

ಮಿದುಳಿನಾಳದ ಸ್ಟ್ರಯಾಟಮ್‌ನಲ್ಲಿ ಡೋಪಮೈನನ್ನು ಹಿಡಿಯುವ ಗ್ರಾಹಕಗಳಲ್ಲಿ ಡಿ1 ಮತ್ತು ಡಿ2 ಮುಖ್ಯವಾದವು. ಡಿ1 ಗ್ರಾಹಕಗಳು ಡೋಪಮೈನ್ ಒಮ್ಮೆಲೇ ಹೆಚ್ಚಿದಾಗ ಎಚ್ಚೆತ್ತು, ಫಲ ಕೊಟ್ಟ ಕ್ರಿಯೆಯನ್ನು ಗಟ್ಟಿಗೊಳಿಸುತ್ತವೆ. ಡಿ2 ಗ್ರಾಹಕಗಳಿಗೆ ಸಾಮಾನ್ಯ ಮಟ್ಟದ ಡೋಪಮೈನೇ ಸಾಕಾಗುವುದರಿಂದ ಅವು ಕುಸಿತವನ್ನೂ ಗ್ರಹಿಸಬಲ್ಲವು. ಆಗ ಅವುಗಳ ತಡೆ ಸಡಿಲಗೊಂಡು, ಕ್ರಿಯೆಯನ್ನು ಹತ್ತಿಕ್ಕುವ ನರಮಾರ್ಗ ಬಲಗೊಳ್ಳುತ್ತದೆ. ಜೀವಂತ ಮಿದುಳಿನಲ್ಲಿ ಈ ಎರಡು ಮಾರ್ಗಗಳು ಇಷ್ಟು ಅಚ್ಚುಕಟ್ಟಾಗಿ ಬೇರೆಯಾಗಿರುವುದಿಲ್ಲವಾದರೂ ವಿವರಣೆಯ ತಿರುಳು ಉಪಯುಕ್ತವಾಗಿಯೇ ಉಳಿದಿದೆ.

ಡೋಪಮೈನ್ ಎಲ್ಲಿ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಅದರ ಪ್ರಮಾಣದ ಬಗ್ಗೆ ಮಾತನಾಡುವುದು ವ್ಯರ್ಥ. ಕೇಂಬ್ರಿಜ್‌ನಲ್ಲಿ ಏಂಜೆಲಾ ರಾಬರ್ಟ್ಸ್, ಟ್ರೆವರ್ ರಾಬಿನ್ಸ್ ಮತ್ತು ಸಂಗಡಿಗರು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಲ್ಲಿ ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ಕಣ್ಣುಗೂಡಿನ ಮೇಲ್ಭಾಗದ ಮುಮ್ಮಿದುಳಿನಲ್ಲಿ ಸಿರೊಟೋನಿನ್ ಎಂಬ ಇನ್ನೊಂದು ಮಿದುಳು ರಾಸಾಯನಿಕವನ್ನು ತಗ್ಗಿಸಿದರೆ ತಿರುವು ಕಲಿಕೆ, ಅಂದರೆ ನಿಯಮ ತಿರುಗಿದಾಗ ಆಯ್ಕೆ ಬದಲಿಸುವ ಕಲಿಕೆ, ಕೆಡುತ್ತಿತ್ತು, ಅಲ್ಲಿ ಡೋಪಮೈನ್ ತಗ್ಗಿಸಿದರೆ ಕೆಡುತ್ತಿರಲಿಲ್ಲ. ಸ್ಟ್ರಯಾಟಮ್‌ನ ಭಾಗವಾದ ಕಾಡೇಟ್‌ನಲ್ಲಿ ಫಲಿತಾಂಶ ಇದಕ್ಕೆ ವಿರುದ್ಧ: ಅಲ್ಲಿ ಕಲಿಕೆಯನ್ನು ಕೆಡಿಸಿದ್ದು ಡೋಪಮೈನ್ ಕೊರತೆಯೇ.

ಕೊರತೆಯಂತೆ ಅತಿಯೂ ತೊಡಕೇ. ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದಂತೆ, ಪಾರ್ಕಿನ್ಸನ್ ರೋಗಿಗಳು ಡೋಪಮೈನ್ ಹೆಚ್ಚಿಸುವ ಔಷಧಿಯ ಪ್ರಭಾವದಲ್ಲಿದ್ದಾಗ ಒಳ್ಳೆಯ ಫಲದಿಂದ ಚೆನ್ನಾಗಿ ಕಲಿಯುತ್ತಿದ್ದರು, ಔಷಧಿಯಿಲ್ಲದಾಗ ಕೆಟ್ಟ ಫಲದಿಂದ ಚೆನ್ನಾಗಿ ಕಲಿಯುತ್ತಿದ್ದರು. ಡೋಪಮೈನ್ ಎಡೆಬಿಡದೆ ತುಂಬಿಕೊಂಡಿದ್ದರೆ ಕುಸಿತ ಅದರಲ್ಲಿ ಮುಚ್ಚಿಹೋಗುತ್ತದೆ ಎಂಬುದು ಇದಕ್ಕೆ ಅವರು ಕೊಟ್ಟ ವಿವರಣೆ. ಈ ಕಾಯಿಲೆಯಲ್ಲಿ ಸ್ಟ್ರಯಾಟಮ್‌ನ ಮೇಲ್ಭಾಗ ಮೊದಲು ಡೋಪಮೈನ್ ಕಳೆದುಕೊಳ್ಳುತ್ತದೆ, ಕೆಳಭಾಗ ಬಹುಕಾಲ ಉಳಿದುಕೊಳ್ಳುತ್ತದೆ. ಆದ್ದರಿಂದ ಕೈಕಾಲಿನ ಚಲನೆಯನ್ನು ಸರಿಪಡಿಸುವಷ್ಟು ಔಷಧಿ, ಆಯ್ಕೆ ಬದಲಿಸುವ ಕೆಲಸದಲ್ಲಿ ತೊಡಗುವ ಆ ಕೆಳಭಾಗಕ್ಕೆ ಮಿತಿಮೀರಿದ್ದಾಗಬಹುದು.