ಗೇರ್‌ಬಾಕ್ಸ್ ಬಿಚ್ಚುವ ಮೊದಲು ಕೋಡ್ ಓದಿಸಿ

ಹೋದ ಮಳೆಗಾಲದಲ್ಲಿ ಕುಂದಗೋಳ ಕಡೆಯ ಯಜಮಾನರೊಬ್ಬರು ಗೋಕುಲ ರಸ್ತೆಯ ನಮ್ಮ ಗ್ಯಾರೇಜಿಗೆ ಗಾಡಿ ತಂದರು. ಡೀಸೆಲ್, 6 ಗೇರಿನ ಆಟೋಮ್ಯಾಟಿಕ್. ನಿಂತಲ್ಲಿಂದ ಎತ್ತಲು ಒದ್ದಾಡುತ್ತಿತ್ತು. 60 ದಾಟಿದರೆ ಇಂಜಿನ್ ಕಿರುಚುತ್ತಿತ್ತೇ ಹೊರತು ಗೇರ್ ಬದಲಾಗುತ್ತಿರಲಿಲ್ಲ.

"ಮಿಸ್ತ್ರಿ, ಗೇರ್‌ಬಾಕ್ಸ್ ಹೋಗೇತಿ ಅಂತ ಹೇಳ್ಯಾರ ನೋಡ್ರಿ. ಬಿಚ್ಚಿ ಮಾಡಾಕ ಒಂದೂವರೆ ಲಕ್ಷ ಅಂತ" ಅಂದರು.

"ಕೋಡ್ ಏನ್ ಬಂದಿತ್ತು ಅಂದ್ರು ಯಜಮಾನ್ರ?" ಅಂತ ಕೇಳಿದೆ. ಕೋಡ್ ಅಂದರೆ ತೊಂದರೆ ಎಲ್ಲಿದೆ ಅಂತ ಗಾಡಿಯ ಕಂಪ್ಯೂಟರ್ ಬರೆದಿಟ್ಟ ಸಂಖ್ಯೆ, ಅದನ್ನು ಓದುವ ಯಂತ್ರವೇ ಸ್ಕ್ಯಾನರ್. ಯಾರೂ ಅದನ್ನು ಹಾಕಿರಲೇ ಇಲ್ಲ. ಒಂದು ಸುತ್ತು ಓಡಿಸಿ ನೋಡಿ ಹೇಳಿದ್ದರು, ಅಷ್ಟೇ.

ಇಂಥ ಗಾಡಿಗಳು ನಮಗೆ ಬರುತ್ತಲೇ ಇರುತ್ತವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಾಡಿ ಲಿಂಪ್ ಮೋಡ್‌ಗೆ, ಅಂದರೆ ಒಂದೇ ಗೇರಿನಲ್ಲಿ ಕುಂಟುತ್ತಾ ಓಡುವ ಸ್ಥಿತಿಗೆ ಹೋದರೆ ಗೇರ್‌ಬಾಕ್ಸ್ ಸತ್ತಿದೆ ಅಂತ ಅರ್ಥ ಅಲ್ಲ. ಗೇರ್‌ಬಾಕ್ಸ್‌ನ ಕಂಪ್ಯೂಟರ್‌ಗೆ ಕಣ್ಣು ಕಿವಿ ಎಲ್ಲ ಸೆನ್ಸರ್‌ಗಳೇ. ಇಂಜಿನ್ ಕಡೆಯಿಂದ ಒಳಗೆ ಬರುವ ಶಾಫ್ಟ್ ಎಷ್ಟು ಜೋರಾಗಿ ತಿರುಗುತ್ತಿದೆ, ಚಕ್ರದ ಕಡೆ ಹೊರಗೆ ಹೋಗುವುದು ಎಷ್ಟು, ಆಯಿಲ್ ಎಷ್ಟು ಬಿಸಿ, ಲಿವರ್ ಎಲ್ಲಿದೆ ಅಂತ ಅವು ಹೇಳಬೇಕು. ಇವುಗಳಲ್ಲಿ ಒಂದರ ಮಾತು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಕಂಪ್ಯೂಟರ್ ಆಯಿಲ್ ವಾಲ್ವ್‌ಗಳನ್ನು ಸರಿಸುವ ಸೊಲೆನಾಯ್ಡ್‌ಗಳಿಗೆ ಹೋಗುವ ಕರೆಂಟ್ ನಿಲ್ಲಿಸಿಬಿಡುತ್ತದೆ. ಕರೆಂಟ್ ಇಲ್ಲದಾಗ ವಾಲ್ವ್‌ಗಳು ಸ್ಪ್ರಿಂಗ್ ಬಲದಲ್ಲಿ ಒಂದೇ ಕಡೆ ನಿಲ್ಲುತ್ತವೆ, ಗಾಡಿ ಒಂದೇ ಗೇರಿನಲ್ಲಿ ಉಳಿಯುತ್ತದೆ. ಬಹಳ ಗಾಡಿಗಳಲ್ಲಿ ಅದು ಮೂರನೇ ಗೇರ್, ಕೆಲವದರಲ್ಲಿ ಬೇರೆ. ಕ್ಲಚ್ ಜಾರಿ ಸುಡಬಾರದು ಅಂತ ಆಯಿಲ್ ಪ್ರೆಶರ್ ಪೂರ್ತಿ ಏರುತ್ತದೆ. ಅದಕ್ಕೇ ಲಿವರನ್ನು ಪಿ (ಪಾರ್ಕ್) ಯಿಂದ ಡಿ (ಡ್ರೈವ್) ಗೆ ಹಾಕಿದ ಕೂಡಲೇ ಧಡ್ ಅಂತ ಹೊಡೆಯುತ್ತದೆ. ಆ ಹೊಡೆತ ರೋಗ ಅಲ್ಲ, ಗೇರ್‌ಬಾಕ್ಸ್ ಉಳಿಸಲು ಕಂಪ್ಯೂಟರ್ ಮಾಡಿದ ಕೆಲಸ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಬ್ಯಾಟರಿ ವೈರ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿ ಸರಿ ಆದಂತೆ ಕಾಣುತ್ತದೆ, ಆದರೆ ಬಹಳ ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ಅದರ ಜೊತೆ ಫ್ರೀಜ್ ಫ್ರೇಮ್ ಕೂಡ, ಅಂದರೆ ತೊಂದರೆ ಆದ ಆ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಲೋಡ್ ಬಿದ್ದಿತ್ತು ಅನ್ನುವ ದಾಖಲೆ. ನಮಗೆ ಬೇಕಾದ್ದು ಅದೇ ಅಲ್ವಾ? ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಸಾಕು. ಸ್ವಲ್ಪ ದೂರ ಸರಿಯಾಗಿ ಓಡಿ ಮತ್ತೆ ಲಿಂಪ್‌ಗೆ ಹೋದರೆ ಅದನ್ನೂ ಮೆಕ್ಯಾನಿಕ್‌ಗೆ ಹೇಳಿ. ಬೆಳಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ, ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ, ಏರಿನಲ್ಲೋ ಇಳಿಜಾರಿನಲ್ಲೋ ಅಂತ ಬರೆದಿಟ್ಟುಕೊಂಡು ಬಂದರೆ ನಮ್ಮ ಅರ್ಧ ದಿನ ಉಳಿಯುತ್ತದೆ.

ಸ್ಕ್ಯಾನರ್ ಬಗ್ಗೆ ಒಂದು ಮಾತು. ಮೊಬೈಲ್‌ಗೆ ಜೋಡಿಸುವ ಸಣ್ಣ ಸ್ಕ್ಯಾನರ್‌ಗಳಲ್ಲಿ ಬಹಳ ಸಲ ಪಿ0700 ಒಂದೇ ಕಾಣುತ್ತದೆ. 'ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳಬೇಕಂತೆ, ಅದನ್ನೇ ಕೇಳಿ' ಅನ್ನುವುದಷ್ಟೇ ಅದರ ಅರ್ಥ. ಗೇರ್‌ಬಾಕ್ಸ್ ಕಂಪ್ಯೂಟರಿನ ಒಳಗೆ ಹೋಗಿ ಓದುವ ಸ್ಕ್ಯಾನರ್ ಬೇಕು.

ಯಜಮಾನರ ಗಾಡಿಯಲ್ಲಿ ಓದಿದಾಗ ಎರಡು ಕೋಡ್ ಸಿಕ್ಕವು. ಒಂದು ಪಿ0730, ಗೇರ್ ರೇಶಿಯೋ ತಪ್ಪಿದೆ ಅಂತ. ಸುಮ್ನೆ ಇದೊಂದನ್ನೇ ನೋಡಿದವರು ಕ್ಲಚ್ ಪ್ಲೇಟ್ ಹೋಗಿದೆ ಅಂತ ಬಿಚ್ಚಲು ಕೂರುತ್ತಾರೆ. ಇನ್ನೊಂದು ಪಿ0723, ಹೊರಗಿನ ಶಾಫ್ಟಿನ ಸ್ಪೀಡ್ ಸೆನ್ಸರ್ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತಿದೆ ಅಂತ. ಎರಡನ್ನೂ ಕೂಡಿಸಿ ಓದಬೇಕು. ರೇಶಿಯೋ ಅಂದರೆ ಒಳಗಿನ ಸ್ಪೀಡನ್ನು ಹೊರಗಿನ ಸ್ಪೀಡಿನಿಂದ ಭಾಗಿಸಿದ ಲೆಕ್ಕ. ಮೂರನೇ ಗೇರ್ 1.4 ಅಂತ ಇಟ್ಟುಕೊಳ್ಳಿ, ಒಳಗೆ 2100 ಸುತ್ತು ಇದ್ದರೆ ಹೊರಗೆ 1500 ಇರಬೇಕು. ಹೊರಗಿನ ಸೆನ್ಸರ್ ಸುಳ್ಳು ಹೇಳಿದರೆ ಲೆಕ್ಕ ತಪ್ಪುತ್ತದೆ, ಬಯ್ಗುಳ ಮಾತ್ರ ಗೇರ್‌ಬಾಕ್ಸ್‌ಗೆ.

ಲ್ಯಾಪ್‌ಟಾಪ್ ಹಿಡಿದು ನಮ್ಮ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಪಾಸ್ ಕಡೆ ಹೋದೆ. ಎರಡೂ ಸ್ಪೀಡ್ ಗ್ರಾಫ್‌ನಲ್ಲಿ ಓಡುತ್ತಿದ್ದವು. ಒಂದು ಗುಂಡಿಗೆ ಚಕ್ರ ಇಳಿದದ್ದೇ ತಡ, ಹೊರಗಿನ ಗೆರೆ 1500ರಿಂದ ಸೀದಾ ಸೊನ್ನೆಗೆ ಬಿದ್ದು ಮತ್ತೆ 1500ಕ್ಕೆ ಎದ್ದಿತು. ಓಡುವ ಗಾಡಿಯ ಚಕ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತು ಮತ್ತೆ ತಿರುಗಲು ಸಾಧ್ಯವೇ ಇಲ್ಲ. ಅಂದರೆ ತಪ್ಪು ವೈರಿನಲ್ಲಿ ಅಥವಾ ಸೆನ್ಸರಿನಲ್ಲಿ.

ಗಾಡಿ ಲಿಫ್ಟ್‌ಗೆ ಏರಿಸಿ ಟಾರ್ಚ್ ಹಿಡಿದು ನೋಡಿದರೆ ಕನೆಕ್ಟರಿನಿಂದ ನಾಲ್ಕು ಬೆರಳು ಹಿಂದೆ ಇಲಿ ಕಡಿದಿತ್ತು. ಮೇಲಿನ ಪ್ಲಾಸ್ಟಿಕ್ ಹೋಗಿ, ತಾಮ್ರ ಹಸಿರು ಕಟ್ಟಿ, ಎರಡೇ ಎರಡು ಎಳೆ ಹಿಡಿದುಕೊಂಡಿದ್ದವು. ಯಜಮಾನರು ಶೇಂಗಾ ಚೀಲ ಇಟ್ಟ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುತ್ತಿದ್ದರಂತೆ. ಹಾಳಾದಷ್ಟು ವೈರ್ ಕತ್ತರಿಸಿ, ಹೊಸ ತುಂಡು ಬೆಸೆದು, ಸ್ಲೀವ್ ಹಾಕಿ, ಬಿಗಿಯಾಗಿ ಕ್ಲಿಪ್ ಮಾಡಿದೆವು. ಗೇರ್‌ಬಾಕ್ಸ್‌ನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ.

ನಿಜವಾಗಿ ಕ್ಲಚ್ ಜಾರುತ್ತಿದ್ದರೆ ಗ್ರಾಫ್ ಬೇರೆ ಥರ ಇರುತ್ತದೆ. ಹೊರಗಿನ ಗೆರೆ ನೆಟ್ಟಗಿರುತ್ತದೆ, ಆಕ್ಸಿಲರೇಟರ್ ತುಳಿದಷ್ಟೂ ಒಳಗಿನದು 2100 ಇರಬೇಕಾದಲ್ಲಿ 2300, 2600 ಅಂತ ಏರುತ್ತಾ ಹೋಗುತ್ತದೆ. ಆಗ ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್ ಇಳಿಸಿ ಅದರಲ್ಲಿರುವ ಮ್ಯಾಗ್ನೆಟ್ ನೋಡಬೇಕು. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಹೊಳೆಯುವ ಲೋಹದ ಚೂರು, ಪ್ಯಾನಿನ ತಳದಲ್ಲಿ ಕರಿ ಪುಡಿ, ಸುಟ್ಟ ವಾಸನೆ ಇದ್ದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು ಅಂತ ನಾನೇ ಹೇಳುತ್ತೇನೆ.

ಆಯಿಲ್ ಕಡಿಮೆ ಇದ್ದರೂ ಇದೇ ಗೋಳು. ಪಂಪ್ ಗಾಳಿ ಎಳೆದು ಪ್ರೆಶರ್ ಬೀಳುತ್ತದೆ, ಬೆಳಗ್ಗೆ ಡಿ ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಗಾಡಿ ಸುಮ್ಮನಿರುತ್ತದೆ. ಈಗಿನ ಬಹಳ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಇಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಇಂಜಿನ್ ಚಾಲೂ ಇಟ್ಟು, ಕಂಪನಿ ಹೇಳಿದ ಉಷ್ಣತೆಯಲ್ಲಿ ಪ್ಲಗ್ ತೆಗೆದು ನೋಡಬೇಕು. ಇನ್ನು ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿನಲ್ಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಕಾರವಾರಕ್ಕೆ ಹೋಗಿ ಅರಬೈಲ್ ಘಟ್ಟ ಹತ್ತಿ ಬರುವ ಗಾಡಿಗೆ 60,000 ಕಿಲೋಮೀಟರ್‌ಗೆ ಒಮ್ಮೆ ಬದಲಿಸಿ ಅಂತಲೇ ನನ್ನ ಸಲಹೆ. ಅದೂ ಆ ಗೇರ್‌ಬಾಕ್ಸ್‌ಗೆ ಹೇಳಿದ ಆಯಿಲ್ಲೇ ಆಗಬೇಕು. ಗೇರ್ ಬದಲು ಬೆಲ್ಟ್ ಮೇಲೆ ಓಡುವ ಸಿವಿಟಿಗೆ ಸಾದಾ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಹಾಳಾಗುತ್ತದೆ.

ಬ್ಯಾಟರಿಯನ್ನೂ ಮರೆಯಬೇಡಿ. ರಾತ್ರಿ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಚಾಲೂ ಆದ ಮೇಲೆ ಹೆಚ್ಚುಕಡಿಮೆ 14 ಬರಬೇಕು. ಅರ್ಥ್ ವೈರ್ ತುಕ್ಕು ಹಿಡಿದು ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇಂಜಿನ್ ಮೌಂಟ್ ಹರಿದರೂ ಗೇರ್ ಹೊಡೆದಂತೆ ಧಡ್ ಅನ್ನುತ್ತದೆ.

ಎಎಂಟಿ ಇರುವವರಿಗೆ ಲೆಕ್ಕ ಬೇರೆ. ಅದು ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವುದನ್ನು ಯಂತ್ರ ಮಾಡುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ಸ್ವಲ್ಪ ತೂಗುವುದು ಅದರ ಗುಣ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿದರೆ ಕ್ಲಚ್ ಬೇಗ ಸವೆಯುತ್ತದೆ, ಬ್ರೇಕ್ ಹಿಡಿಯಿರಿ. ನ್ಯೂಟ್ರಲ್‌ನಿಂದ ಗೇರ್ ಬೀಳಲೇ ಇಲ್ಲ ಅಂದರೆ ಮೊದಲು ಹಿಂದಿನ ಬ್ರೇಕ್ ಲೈಟ್ ಹತ್ತುತ್ತದೆಯೇ ನೋಡಿಸಿ. ಬ್ರೇಕ್ ಸ್ವಿಚ್ ಕೆಟ್ಟರೆ ನೀವು ಬ್ರೇಕ್ ತುಳಿದದ್ದೇ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ.

ಯಜಮಾನರ ಗಾಡಿಗೆ ವೈರ್ ಸರಿ ಮಾಡಿ, ಕೋಡ್ ಅಳಿಸಿ, ಅಡಾಪ್ಟೇಶನ್ ರೀಸೆಟ್ ಮಾಡಿ ಕೊಟ್ಟೆವು. ಅಂದರೆ ಕ್ಲಚ್ ಹಿಡಿಯುವ ಹದವನ್ನು ಗೇರ್‌ಬಾಕ್ಸ್ ಮೊದಲಿನಿಂದ ಕಲಿಯಬೇಕು. ಎರಡು ದಿನ ಸ್ವಲ್ಪ ಹೊಡೆಯುತ್ತದೆ, ಹೆದರಬೇಡಿ, ಮೆಲ್ಲಗೆ ತುಳಿದು ಓಡಿಸಿ ಅಂತ ಹೇಳಿ ಕಳಿಸಿದೆ. ಮೂರನೇ ದಿನ ಫೋನ್ ಬಂತು.

"ಹೊಡ್ಯೂದು ನಿಂತೈತ್ರಿ ಮಿಸ್ತ್ರಿ. ಶೇಂಗಾ ಚೀಲಾನೂ ಬ್ಯಾರೆ ಕಡೆ ಇಟ್ಟೇನಿ."