ಸಂದೇಶ ಪುಕ್ಕಟೆ, ದಾಸ್ತಾನಿಗೆ ಬಾಡಿಗೆ

ಯಾವುದಾದರೂ ಮೆಸೇಜಿಂಗ್ ಆಪ್ ಹೊಸದಾಗಿ ದುಡ್ಡು ಕೇಳಿತೆಂಬ ಸುದ್ದಿ ಬಂದರೆ ಸಾಕು, ‘ಇನ್ನು ಮೆಸೇಜ್ ಕಳಿಸೋಕೂ ಕಾಸು ಕೊಡಬೇಕಾ?’ ಎಂದು ಕೇಳುವವರು ಹೆಚ್ಚು. ಸಂಸ್ಥೆಗಳ ಸಂವಹನ ವ್ಯವಸ್ಥೆ ನೋಡಿಕೊಳ್ಳುವವನಾಗಿ ನನ್ನ ಉತ್ತರ: ಬಹುಮಟ್ಟಿಗೆ ಇಲ್ಲ.

ವಾಟ್ಸಾಪ್ ಹಿಂದೆ ಆ ಪ್ರಯೋಗ ಮಾಡಿತ್ತು. ಮೊದಲ ವರ್ಷ ಉಚಿತ, ಆಮೇಲೆ ವರ್ಷಕ್ಕೆ 99 ಸೆಂಟ್. 2016ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು. ಎಷ್ಟೋ ಜನರ ಬಳಿ ಕಾರ್ಡೇ ಇಲ್ಲ ಎಂಬುದು ಅದು ಕೊಟ್ಟ ಕಾರಣ. ಬಾಗಿಲಲ್ಲೇ ಶುಲ್ಕ ಕೇಳಿದರೆ ಹತ್ತು ಜನ ಹೋಗುತ್ತಾರೆ, ಅವರ ಹಿಂದೆ ಇಡೀ ಗ್ರೂಪ್ ಹೋಗುತ್ತದೆ. ಎಲ್ಲರೂ ಅಲ್ಲೇ ಇದ್ದಾರೆ ಎನ್ನುವುದೇ ತಾನೆ ಇಂಥ ಆಪ್‌ಗಳ ಬಂಡವಾಳ! ಹಾಗಾಗಿ ವಾಟ್ಸಾಪ್ ಈಗ ವಸೂಲಿ ಮಾಡುವುದು ಗ್ರಾಹಕರಿಗೆ ಸಂದೇಶ ಕಳಿಸುವ ಕಂಪನಿಗಳಿಂದ.

ನಮ್ಮ ನಿಮ್ಮಂಥವರಿಗೆ ಬಿಲ್ ಬರುವುದು ಕೂಡಿಟ್ಟದ್ದರ ಮೇಲೆ. ಕಚೇರಿಗಳಲ್ಲಿ ಬಳಸುವ ಚಾಟ್ ಆಪ್ ಸ್ಲಾಕ್ ನೋಡಿ. ಉಚಿತ ಯೋಜನೆಯಲ್ಲಿ ಮೊದಲು ಕೊನೆಯ 10,000 ಸಂದೇಶಗಳು ಕಾಣುತ್ತಿದ್ದವು. 2022ರ ಸೆಪ್ಟೆಂಬರಿನಿಂದ ಕೊನೆಯ 90 ದಿನದ್ದು ಮಾತ್ರ. 2024ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವರ್ಷ ದಾಟಿದ್ದನ್ನು ಅಳಿಸಿಯೇಬಿಡುವ ನಿಯಮ ತಂದಿತು. ಆ ನಿಯಮಕ್ಕೆ ಮೊದಲು, ಹಣ ಕಟ್ಟಿದರೆ ಹಳೆಯದು ಮರಳಿ ಸಿಗುತ್ತಿತ್ತು. ಸ್ನ್ಯಾಪ್‌ಚಾಟ್ 2016ರಲ್ಲಿ ‘ಮೆಮೊರೀಸ್’ ಶುರುಮಾಡಿ, ವರ್ಷಗಟ್ಟಲೆ ಫೋಟೊ ತುಂಬಿಸಿಕೊಂಡು, 2025ರಲ್ಲಿ 5 ಜಿಬಿ ಮೀರಿದ್ದಕ್ಕೆ ಶುಲ್ಕ ಎಂದಿತು.

ಎಲ್ಲ ಶುಲ್ಕವನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಟೆಲಿಗ್ರಾಂ 2022ರ ಜೂನಿನಲ್ಲಿ ಪ್ರೀಮಿಯಂ ತಂದಾಗ 2 ಜಿಬಿವರೆಗಿನ ಫೈಲ್ ಉಚಿತವಾಗಿಯೇ ಉಳಿಯಿತು, ದುಡ್ಡು ಕೊಟ್ಟವರಿಗೆ 4 ಜಿಬಿ ಸಿಕ್ಕಿತು. ಅದರಲ್ಲಿ ತಕರಾರು ಏನಿದೆ? ಮೊದಲಿಂದ ಪುಕ್ಕಟೆಯಿದ್ದದ್ದನ್ನು, ಅದೂ ಎತ್ತಿಕೊಂಡು ಹೋಗಲಾರದಷ್ಟು ತುಂಬಿದ ಮೇಲೆ, ಬೆಲೆಗಿಡುವುದು ಬೇರೆಯೇ ವ್ಯವಹಾರ.

ಹಾಗೆಂದು ಖರ್ಚು ಸುಳ್ಳಲ್ಲ. ಜಾಹೀರಾತಿಲ್ಲದೆ ದೇಣಿಗೆಯಿಂದ ನಡೆಯುವ ಸಿಗ್ನಲ್ 2023ರ ನವೆಂಬರಿನಲ್ಲಿ ತನ್ನ ಲೆಕ್ಕ ಬಿಚ್ಚಿಟ್ಟಿತು. ತಾಂತ್ರಿಕ ವ್ಯವಸ್ಥೆಗೆ ವರ್ಷಕ್ಕೆ ಸುಮಾರು 1.4 ಕೋಟಿ ಡಾಲರ್. ಅದರಲ್ಲಿ 60 ಲಕ್ಷ ಡಾಲರ್ ಹೋಗುತ್ತಿದ್ದದ್ದು ನೋಂದಣಿ ಕೋಡ್ ಕಳಿಸುವ ಎಸ್ಸೆಮ್ಮೆಸ್‌ಗೆ, ಅಂದರೆ ಟೆಲಿಕಾಂ ಕಂಪನಿಗಳ ಜೇಬಿಗೆ. ದಾಸ್ತಾನಿಗೆ 13 ಲಕ್ಷ ಮಾತ್ರ, ಏಕೆಂದರೆ ಸಿಗ್ನಲ್ ನಮ್ಮ ಸಂದೇಶಗಳನ್ನು ತನ್ನಲ್ಲಿ ಕೂಡಿಡುತ್ತಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬ್ಯಾಕಪ್ ಸೌಲಭ್ಯ ಸೇರಿಸಿದಾಗ ಮಾತ್ರ ಮೊದಲ ಬಾರಿಗೆ ಶುಲ್ಕವಿಟ್ಟಿತು: ಪಠ್ಯ ಮತ್ತು 45 ದಿನದ ಫೋಟೊ, ವಿಡಿಯೊ ಉಚಿತ, ಅದಕ್ಕೂ ಹಳೆಯದು ಬೇಕಿದ್ದರೆ ತಿಂಗಳಿಗೆ 1.99 ಡಾಲರ್. ಮೊದಲ ದಿನವೇ ಬೆಲೆ ಹೇಳಿದ್ದರಿಂದ ನನಗೆ ಅದು ನ್ಯಾಯವೆನಿಸಿತು.

ಆಂಡ್ರಾಯ್ಡ್ ಬಳಸುವವರಿಗೆ ಒಂದು ಮಾತು. 2024ರಿಂದ ವಾಟ್ಸಾಪ್ ಬ್ಯಾಕಪ್ ನಿಮ್ಮ ಗೂಗಲ್ ಖಾತೆಯ ಉಚಿತ 15 ಜಿಬಿಯೊಳಗೇ ಎಣಿಕೆಯಾಗುತ್ತಿದೆ. ಜಾಗ ತಿನ್ನುವುದು ಮಾತುಕತೆಯಲ್ಲ, ಫಾರ್ವರ್ಡ್ ಆಗಿ ಬಂದ ವಿಡಿಯೊಗಳು. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ತೆಗೆದುಹಾಕಿ. ಬೇಕಾದ ವಿಡಿಯೊಗಳನ್ನು ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಹೆಚ್ಚಿನವರಿಗೆ ಅಷ್ಟರಲ್ಲೇ ಜಾಗ ಸಾಕಾಗುತ್ತದೆ. ಸಂಸ್ಥೆ ನಡೆಸುವವರಾದರೆ ತೀರ್ಮಾನಗಳನ್ನು, ಒಪ್ಪಂದದ ಕಡತಗಳನ್ನು ಚಾಟ್‌ನಲ್ಲಿ ಬಿಡಬೇಡಿ. ಉಚಿತ ಯೋಜನೆಯಲ್ಲಿದ್ದರೆ, ನಿಯಮ ಬದಲಾದ ಇಮೇಲ್ ಬರುವ ಮೊದಲೇ ಎಕ್ಸ್‌ಪೋರ್ಟ್ ಬಟನ್ ಎಲ್ಲಿದೆ, ಅದರಿಂದ ಏನೇನು ಹೊರಬರುತ್ತದೆ ಎಂದು ಒಮ್ಮೆ ಒತ್ತಿ ನೋಡಿ.