ಲ್ಯಾಪ್‌ಟಾಪ್ ಯಾವ ಊರಿನಲ್ಲಿದ್ದರೂ ಏಳುವ ಹೊತ್ತು ಒಂದೇ ಇರಲಿ

ನವೆಂಬರ್ ಬಂತೆಂದರೆ ನನ್ನ ಕ್ಲಿನಿಕ್‌ಗೆ ನಿದ್ದೆಯ ದೂರು ಹೊತ್ತು ಬರುವ ಐಟಿಯವರು ಜಾಸ್ತಿಯಾಗುತ್ತಾರೆ. ಆ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ನ್ಯೂಯಾರ್ಕಿನ ಬೆಳಗಿನ 11ರ ಮೀಟಿಂಗ್ ಅಲ್ಲಿಯವರೆಗೆ ನಮಗೆ ರಾತ್ರಿ 8.30ಕ್ಕಿತ್ತು. ಮರುದಿನದಿಂದ 9.30ಕ್ಕೆ. ಊಟ ತಡವಾಗುತ್ತದೆ, ನಿದ್ದೆ ತಡವಾಗುತ್ತದೆ, ಬೆಳಗ್ಗೆ ಏಳುವುದೂ ಜಾರುತ್ತದೆ. ಮಾರ್ಚ್ ಎರಡನೇ ಭಾನುವಾರದವರೆಗೆ ಇದೇ ಕತೆ. ಇದರ ಜೊತೆಗೆ ಇವತ್ತು ಸಕಲೇಶಪುರ, ಮುಂದಿನ ವಾರ ಗೋಕರ್ಣ ಅಂತ ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ದಿನದ ಲೆಕ್ಕವೇ ತಪ್ಪಿಹೋಗುತ್ತದೆ.

ಅವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಮಲಗುವ ಹೊತ್ತು ನಿಮ್ಮ ಕೈಯಲ್ಲಿಲ್ಲ, ಅದನ್ನು ಕ್ಲೈಂಟ್ ತೀರ್ಮಾನಿಸುತ್ತಾನೆ. ಏಳುವ ಹೊತ್ತನ್ನಾದರೂ ಬಿಗಿಯಾಗಿ ಹಿಡಿಯಿರಿ. ರಾತ್ರಿ ಕಾಲ್ ಮುಗಿಯುವುದು 11 ಗಂಟೆಗಾದರೆ ಬೆಳಗ್ಗೆ 7.30 ಅಂತ ಇಟ್ಟುಕೊಳ್ಳಿ. ಆದರೆ ಶನಿವಾರವೂ 7.30, ಹೋಮ್‌ಸ್ಟೇಯಲ್ಲೂ 7.30. ಒಂದು ದಿನ 6, ಇನ್ನೊಂದು ದಿನ 10 ಅಂತ ಎದ್ದರೆ ಊರು ಬಿಟ್ಟು ಕದಲದೆಯೇ ವಿಮಾನದಲ್ಲಿ ಬಂದವರ ಹಾಗೆ ಮಂಕಾಗುತ್ತೀರಿ. ಹಿಂದಿನ ರಾತ್ರಿ ನಿದ್ದೆ ಕಮ್ಮಿಯಾಗಿದ್ದರೆ ಮಧ್ಯಾಹ್ನ ಇಪ್ಪತ್ತು ನಿಮಿಷ ಅಡ್ಡಾಗಿ, ಸಾಕು.

ಎದ್ದ ಮೇಲೆ ಫೋನ್ ಒಳಗಿಟ್ಟು ಅರ್ಧ ಗಂಟೆ ಹೊರಗೆ ನಡೆಯಿರಿ. ದೇಹದ ಒಳಗಿನ ಗಡಿಯಾರ ಸರಿಹೊಂದುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕಿನಿಂದ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸಿದ್ದಕ್ಕೇ 2017ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಮಳೆಗಾಲದ ಮಡಿಕೇರಿಯಲ್ಲಿ ಬಿಸಿಲೆಲ್ಲಿ ಡಾಕ್ಟ್ರೇ ಅನ್ನಬೇಡಿ. ಮೋಡ ಕವಿದ ಅಂಗಳದ ಬೆಳಕೂ ಟ್ಯೂಬ್‌ಲೈಟ್ ಹಾಕಿದ ಕೋಣೆಗಿಂತ ಎಷ್ಟೋ ಪಟ್ಟು ಹೆಚ್ಚು. ಕೊಡೆ ಹಿಡಿದು ಹೋಗಿ.

ಇನ್ನು ಕಾಫಿ. ಮಲೆನಾಡಿನ ಮನೆಗಳಲ್ಲಿ ಬೇಡ ಅಂದರೂ ಸಂಜೆ 6ಕ್ಕೆ ಲೋಟ ಕೈಗೆ ಬರುತ್ತದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಅಂದರೆ 11ಕ್ಕೆ ನೀವು ದಿಂಬಿಗೆ ತಲೆಯಿಡುವಾಗ ಆ ಲೋಟದ ಅರ್ಧ ಪಾಲು ಇನ್ನೂ ಮೈಯಲ್ಲಿದೆ. 3 ಗಂಟೆಯದೇ ಕೊನೆಯ ಕಾಫಿ ಆಗಲಿ.

ಪ್ರಯಾಣದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸ್ಲೀಪರ್ ಬಸ್ಸಿನ ರಾತ್ರಿಯನ್ನು ನಿದ್ದೆ ಅಂತ ಲೆಕ್ಕ ಹಾಕಬೇಡಿ. ಬೆಂಗಳೂರಿನಲ್ಲಿ ರಾತ್ರಿ ಹತ್ತಿ, ಗೋಕರ್ಣದಲ್ಲಿ ಬೆಳಗ್ಗೆ ಇಳಿದು, 9ಕ್ಕೆ ಲಾಗಿನ್ ಆಗುವವರು ನಿದ್ದೆ, ಕೆಲಸ ಎರಡನ್ನೂ ಕೆಡಿಸಿಕೊಳ್ಳುತ್ತಾರೆ. ಶುಕ್ರವಾರ ರಾತ್ರಿ ಹೊರಡಿ, ಶನಿವಾರ ಸುಧಾರಿಸಿಕೊಳ್ಳಿ. ಒಂದು ಊರಿನಲ್ಲಿ ಎರಡು ವಾರವಾದರೂ ಇರಿ. ಮೊದಲ ಎರಡು ಮೂರು ದಿನ ಸ್ವಿಚ್ ಎಲ್ಲಿದೆ, ಇಡ್ಲಿ ಎಲ್ಲಿ ಸಿಗುತ್ತದೆ ಅನ್ನುವುದರಲ್ಲೇ ಕಳೆದುಹೋಗುತ್ತವೆ. ವಾರಕ್ಕೊಂದು ಊರು ಬದಲಿಸುವವರು ಯಾವಾಗಲೂ ಆ ಮೂರು ದಿನದಲ್ಲೇ ಇರುತ್ತಾರೆ.

ರೂಮ್ ಬುಕ್ ಮಾಡುವ ಮೊದಲು ಮೇಜು-ಕುರ್ಚಿಯ ಫೋಟೋ ತರಿಸಿಕೊಳ್ಳಿ. ಬೆಟ್ಟದ ಫೋಟೋ ಎಲ್ಲರೂ ಕಳಿಸುತ್ತಾರೆ. ಕುತ್ತಿಗೆ ನೋವೆಂದು ಬರುವವರಲ್ಲಿ ಬಹಳ ಮಂದಿ ಹಾಸಿಗೆ ಮೇಲೆ ಕಾಲು ಚಾಚಿ ಕೆಲಸ ಮಾಡಿದವರು. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ಏರಿಸಿ, ಒಂದು ಬೇರೆ ಕೀಬೋರ್ಡ್ ಜೋಡಿಸಿಕೊಳ್ಳಿ. ನೆಟ್‌ವರ್ಕ್ ಬಗ್ಗೆ ಕೇಳುವಾಗಲೂ ಬಿಡಿಸಿ ಕೇಳಬೇಕು. "ಬರುತ್ತೆ ಸಾರ್, ತೋಟದ ಮೇಲ್ಗಡೆ ಹೋದ್ರೆ ಫುಲ್ ಬರುತ್ತೆ" ಅನ್ನುವ ಮಾಲೀಕರು ಸುಳ್ಳೇನೂ ಹೇಳುತ್ತಿಲ್ಲ, ಅಲ್ವಾ? ರೂಮಿನ ಒಳಗೆ ಬರುತ್ತದಾ, ಕರೆಂಟ್ ಹೋದಾಗ ವೈಫೈಗೆ ಯುಪಿಎಸ್ ಇದೆಯಾ ಅಂತ ಕೇಳಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿಯೇ ಹೋಗುತ್ತದೆ.

ಆದರೆ ನಾನು ನೋಡುವವರಲ್ಲಿ ಹೆಚ್ಚಿನವರು ಹೋಮ್‌ಸ್ಟೇಗೆ ಹೋದವರಲ್ಲ, ಊರಿನ ಮನೆಗೆ ಹೋದವರು. ಅಲ್ಲಿಯ ಕಷ್ಟ ಬೇರೆ. ಲ್ಯಾಪ್‌ಟಾಪ್ ಮುಂದೆ ಕೂತವರು ಸುಮ್ನೆ ಕೂತಿದ್ದಾರೆ ಅಂತಲೇ ಮನೆಯವರಿಗೆ ಕಾಣುತ್ತದೆ. ಮಗನಾದರೆ "ಮನೇಲೇ ಇದ್ದೀಯಲ್ಲ, ಬ್ಯಾಂಕಿಗೆ ಹೋಗಿ ಬಾರೋ". ಸೊಸೆಯಾದರೆ ಇನ್ನೂ ಕಷ್ಟ. ಹಾಸನದ ಕಡೆ ಗಂಡನ ಮನೆಯಿಂದ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ತಲೆನೋವು ಅಂತ ಬಂದಿದ್ದಳು. ಕಾಲ್ ಮಧ್ಯೆ ಅತ್ತೆ ಬಾಗಿಲಿಗೆ ಬಂದು, "ನೆಂಟರು ಬಂದಿದ್ದಾರಮ್ಮ, ಒಂದು ನಾಲ್ಕು ಲೋಟ ಕಾಫಿ ಇಟ್ಟುಬಿಡು, ಎಷ್ಟೊತ್ತಾಗುತ್ತೆ?" ಅನ್ನುತ್ತಿದ್ದರಂತೆ. ಇಲ್ಲ ಅನ್ನಲಾಗದೆ ಮ್ಯೂಟ್ ಹಾಕಿ ಏಳುವುದು, ಹಗಲು ಬಾಕಿಯಾದ ಕೆಲಸವನ್ನು ನಡುರಾತ್ರಿ ಮುಗಿಸುವುದು.

ಅವಳು ಬಾಗಿಲಿಗೆ ದಿನಾ ಬೆಳಗ್ಗೆ ಒಂದು ಚೀಟಿ ಅಂಟಿಸತೊಡಗಿದಳು: "11ರಿಂದ 12.30 ಮೀಟಿಂಗ್. 1 ಗಂಟೆಗೆ ಊಟಕ್ಕೆ ಬರ್ತೀನಿ." ಕೆಲಸ ಮಾಡಿದ್ದು ಎರಡನೇ ಸಾಲು. ಸೊಸೆ ಯಾವಾಗ ಸಿಗುತ್ತಾಳೆ ಅಂತ ಗೊತ್ತಾದ ಮೇಲೆ ಅತ್ತೆ ಕಾಯುವುದನ್ನು ಕಲಿತರು. ಆದರೆ 1 ಅಂದರೆ 1ಕ್ಕೇ ಏಳಬೇಕು, ಫೋನ್ ಬಿಟ್ಟು ಊಟಕ್ಕೆ ಕೂರಬೇಕು. ಎರಡು ದಿನ ಮಾತು ತಪ್ಪಿದರೆ ಚೀಟಿಗೆ ಬೆಲೆಯಿಲ್ಲ. ಅಂದಹಾಗೆ ಗಂಡನೂ ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಅವನನ್ನು ಯಾರೂ ಕಾಫಿ ಕೇಳಿರಲಿಲ್ಲ. ಇದನ್ನು ಚೀಟಿ ಸರಿಮಾಡುವುದಿಲ್ಲ, ಅವನೇ ಎದ್ದು ಹೋಗಿ ಒಲೆ ಹಚ್ಚಬೇಕು.

ಕೆಲಸ ಮುಗಿಸುವುದಕ್ಕೂ ಒಂದು ಕ್ರಮ ಬೇಕು. ಆಫೀಸಿನಲ್ಲಿ ಕ್ಯಾಬ್ ಬಂದರೆ ಏಳಲೇಬೇಕಿತ್ತು. ಈಗ ಎಬ್ಬಿಸುವವರಿಲ್ಲ. ನಾಳೆ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಕಾಗದದ ಮೇಲೆ ಬರೆಯಿರಿ, ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. ಮೇಜಿನ ಮೇಲೆ ತೆರೆದೇ ಇದ್ದರೆ ನೀರು ಕುಡಿಯಲು ಎದ್ದವರೂ ಒಂದು ಮೇಲ್ ನೋಡುತ್ತಾರೆ.

ಡಲ್ಲಾಸ್‌ನಿಂದ ಮೈಸೂರಿಗೆ ಬಂದು ಅಮೆರಿಕದ ವೇಳೆಯಲ್ಲೇ ಇಡೀ ರಾತ್ರಿ ಕೆಲಸ ಮಾಡಿ, ಹಗಲು ಮದುವೆ-ಮುಂಜಿಗೆ ಓಡಾಡುವವರಿಗೂ ಒಂದು ಮಾತು. ಹಾಗೆ ಮಾಡಬೇಡಿ. ಕಾಲವಲಯದ ವ್ಯತ್ಯಾಸ ಒಂದು ಗಂಟೆಗೆ ಒಂದು ದಿನದಂತೆ ದೇಹ ಹೊಂದಿಕೊಳ್ಳುತ್ತದೆ ಅನ್ನುವುದು ಒಂದು ಅಂದಾಜು ಲೆಕ್ಕ. ಮೊದಲ ವಾರ ರಜೆ ಹಾಕಿ. ಆಮೇಲೆ ದಿನಕ್ಕೆ ನಾಲ್ಕು ಗಂಟೆ ಮಾತ್ರ ಟೀಮ್ ಜೊತೆ ಸಿಗುತ್ತೇನೆ ಅಂತ ಹೊರಡುವ ಮೊದಲೇ ಒಪ್ಪಿಸಿ. ಬೇಸಿಗೆಯಲ್ಲಿ ಡಲ್ಲಾಸ್‌ನ ಬೆಳಗಿನ 8ರಿಂದ ಮಧ್ಯಾಹ್ನ 12 ಅಂದರೆ ಮೈಸೂರಿನಲ್ಲಿ ಸಂಜೆ 6.30ರಿಂದ ರಾತ್ರಿ 10.30. ಉಳಿದ ಕೆಲಸವನ್ನು ಇಲ್ಲಿಯ ಬೆಳಗ್ಗೆ ಮಾಡಿ.

ಮ್ಯಾನೇಜರ್ ಒಪ್ಪುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಹಲವರು ಒಪ್ಪುತ್ತಾರೆ, ನೀವು ಮೊದಲೇ ಕೇಳಿದರೆ. ಟಿಕೆಟ್ ತೆಗೆದ ದಿನವೇ ಕ್ಯಾಲೆಂಡರಿನಲ್ಲಿ ನಿಮ್ಮ ವೇಳೆ ಹಾಕಿಡಿ. ಊರು ತಲುಪಿ, ಕಾಲ್ ತಪ್ಪಿಸಿಕೊಂಡ ಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಇಷ್ಟೆಲ್ಲ ಮಾಡಿಯೂ ಮೂರು ನಾಲ್ಕು ವಾರ ನಿದ್ದೆ ಹತ್ತದಿದ್ದರೆ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿ ನುಂಗಬೇಡಿ. ಒಂದು ವಾರ ಮಲಗಿದ, ಎದ್ದ ಹೊತ್ತನ್ನು ಬರೆದಿಟ್ಟುಕೊಂಡು, ಆ ಹಾಳೆ ಸಮೇತ ವೈದ್ಯರ ಹತ್ತಿರ ಹೋಗಿ.